ಕುಸುಬಿ ಹೊಲದ ನಾಲ್ಕು ಮೂಲೆ

ಮಷಿನ್ ಬರುವ ದಿನ ಮುದುಕಮ್ಮ ಆಯಿ ನಸುಕಿನಲ್ಲೇ ಬಂದು ನಮ್ಮ ಹೊಲದ ಬದುವಿನ ಮೇಲೆ ಕುಳಿತಿದ್ದಳು. ಎರಡೂ ಕೈಗೆ ಮೊಣಕೈವರೆಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದಳು. ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ, ಸೊಂಟಕ್ಕೆ ಗೋಣಿಚೀಲ, ಪಕ್ಕದಲ್ಲಿ ಕುಡುಗೋಲು, ಕಸಬರಿಗೆ, ಮೊರ. ಕುಸುಬಿ ಕೊಯ್ಯಲು ಹೋಗುವ ಹೆಂಗಸು ಹೇಗೆ ತಯಾರಾಗಬೇಕೋ ಹಾಗೆ ತಯಾರಾಗಿ ಬಂದಿದ್ದಳು.

ನಾನು ಬುತ್ತಿ ಹೊತ್ತು ಅಪ್ಪನ ಹಿಂದೆ ಬರುತ್ತಿದ್ದೆ. ಅಪ್ಪ ಆಕೆಯನ್ನು ನೋಡಿ ನಿಂತ.

“ಯಾರ ಹೇಳ್ಯಾರ ನಿನಗ ಬರಾಕ?”

“ಕುಸುಬಿ ಹೇಳ್ಯಾದ,” ಅಂದಳು ಆಯಿ.

“ಇವತ್ತ ಮಷಿನ್ ಬರ್ತದ ಅಂತ ಊರಿಗೇ ಗೊತ್ತದ. ಅದೂ ಹತ್ತು ಗಂಟಿ ಮ್ಯಾಲ. ಇಬ್ಬನಿ ಆರಿದ ಮ್ಯಾಲೇ ಬರ್ತೀನಿ ಅಂತ ಡ್ರೈವರ್ ಹೇಳ್ಯಾನ.”

“ಇಬ್ಬನಿ ಆರಿದ ಮ್ಯಾಲ ಕುಸುಬಿ ಮುಟ್ಟತಾನಂತ? ಅವನ ಕೈ ಯಾರ ಮಾಡ್ಯಾರ, ಕಮ್ಮಾರನೇನು?”

“ಅವ ಕೈ ಎಲ್ಲಿ ಹಚ್ತಾನ, ಕಬ್ಬಿಣ ಹಚ್ತಾನ,” ಅಂದ ಅಪ್ಪ. ಅವನಿಗೂ ನಗು ಬಂತು.

ಕುಸುಬಿಗೆ ಮೈತುಂಬ ಮುಳ್ಳು. ಎಲೆಯ ಅಂಚಿಗೆ ಮುಳ್ಳು, ಕಾಯಿಯ ಸುತ್ತ ಮುಳ್ಳು. ನಸುಕಿನ ಇಬ್ಬನಿಯಲ್ಲಿ ನೆನೆದಾಗ ಮಾತ್ರ ಅದು ಮೆತ್ತಗಾಗಿ ಮನುಷ್ಯರ ಕೈಗೆ ಬರುತ್ತದೆ. ಅದಕ್ಕೇ ಕೊಯ್ಯುವವರು ಚುಕ್ಕಿ ಇರುವಾಗಲೇ ಹೊಲ ಸೇರಿ, ಬಿಸಿಲು ಏರುವುದರೊಳಗೆ ಕುಡುಗೋಲು ಕೆಳಗಿಡುತ್ತಾರೆ. ಮಷಿನ್ನಿನ ಲೆಕ್ಕ ಇದಕ್ಕೆ ತಿರುಗುಮುರುಗು. ಹಸಿ ಇದ್ದರೆ ದಂಟು ಒಳಗೆ ಸುತ್ತಿಕೊಳ್ಳುತ್ತದಂತೆ. ಅದಕ್ಕೆ ಗರಿಗರಿ ಒಣಗಿದ ಬೆಳೆ ಬೇಕು. ಇಷ್ಟು ವರ್ಷ ನಾವು ಮನೆಗೆ ಮರಳುತ್ತಿದ್ದ ಹೊತ್ತಿಗೆ ಅದು ಕೆಲಸ ಶುರುಮಾಡುತ್ತದೆ.

“ಮಷಿನ್ ಹಕ್ಕಲ ಬಿಡ್ತದೇನು ಪರಮಣ್ಣ?” ಆಯಿ ಕೇಳಿದಳು. ಕೇಳುವಾಗ ಕೈಗೆ ಸುತ್ತಿದ ಬಟ್ಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

“ಅದಕ್ಕೇನು ಗೊತ್ತು ಹಕ್ಕಲ ಪಿಕ್ಕಲ. ಹಿಂದ ಬಿದ್ದದ್ದು ನಿಂದು, ತಗೊ. ನಾ ಬ್ಯಾಡ ಅಂತೀನೇನು?”

ಕೊಯ್ಯುವಾಗ ನೆಲಕ್ಕೆ ಬಿದ್ದ ಕಾಯಿ, ಮುರಿದು ಉಳಿದ ಟೊಂಗೆ, ಇವಕ್ಕೆ ಹಕ್ಕಲು ಅನ್ನುತ್ತಾರೆ. ಅದು ಕೊಯ್ದ ಹೆಂಗಸರದು. ಆಯಿ ಪ್ರತಿ ವರ್ಷ ನಮ್ಮ ಐದು ಎಕರೆಯ ಹಕ್ಕಲು ಆಯ್ದು, ಬಡಿಗೆಯಿಂದ ಬಡಿದು, ಮೊರದಲ್ಲಿ ಕೇರಿ, ರಂಗಂಪೇಟೆಯ ಗಾಣಕ್ಕೆ ಒಯ್ಯುತ್ತಿದ್ದಳು. ಬರುವಾಗ ಐದು ಲೀಟರಿನ ಕ್ಯಾನು ತುಂಬಿರುತ್ತಿತ್ತು. ಅದೇ ಆಕೆಯ ಮನೆಯ ವರ್ಷದ ಎಣ್ಣೆ. ರೇಷನ್ನಿನಲ್ಲಿ ಅಕ್ಕಿ ಸಿಗುತ್ತದೆ, ಎಣ್ಣೆ ಸಿಗುವುದಿಲ್ಲ. ಆಕೆಯ ಮೊಮ್ಮಗಳು ರೇವತಿ ರೊಟ್ಟಿಗೆ ಹಚ್ಚಿದ ಖಾರದ ಮೇಲೆ ನಾಲ್ಕು ಹನಿ ಕುಸುಬಿ ಎಣ್ಣೆ ಬೀಳದಿದ್ದರೆ ಉಣ್ಣುವುದಿಲ್ಲ. ಅಂಗಡಿಯ ಪಾಕೀಟು ಎಣ್ಣೆ ಹಾಕಿಕೊಟ್ಟರೆ ಮೂಸಿ ನೋಡಿ ತಟ್ಟೆ ಸರಿಸುತ್ತಾಳೆ. ಆ ಸೊಕ್ಕನ್ನು ಕಲಿಸಿದವಳು ಆಯಿಯೇ.

ನಾನು ಆಯಿಯ ಕೊಯ್ಲಿನ ಗುಂಪಿಗೆ ಸೇರಿದಾಗ ನನಗೆ ಹದಿಮೂರು. ಏಳನೆಯ ತರಗತಿ ಮುಗಿದಿತ್ತು. ಹೈಸ್ಕೂಲು ಬೇರೆ ಊರಲ್ಲಿತ್ತು. ಗುರುತಿಲ್ಲದವರ ನಡುವೆ ಬಸ್ಸಿನಲ್ಲಿ ನಿಲ್ಲುವುದು ನನ್ನಿಂದ ಆಗಲಿಲ್ಲ. ನಾಲ್ಕು ದಿನ ಹೋಗಿ ಐದನೆಯ ದಿನ ಚೀಲವನ್ನು ಗೂಟಕ್ಕೆ ಹಾಕಿದೆ. ಯಾಕೆ ಅಂತ ಅವ್ವ ಕೇಳಿದಳು, ನಾನು ಹೇಳಲಿಲ್ಲ. ಮರುದಿನ ಆಯಿ ಬಂದು, “ಮಾತಾಡದ ಹುಡುಗಿ ನನಗ ಬೇಕು. ಮಾತಾಡೋರು ಹತ್ತು ಮಂದಿ ಅದಾರ,” ಅಂತ ಕರೆದೊಯ್ದಳು. ಕೈಗೆ ಬಟ್ಟೆ ಸುತ್ತುವುದನ್ನು, ಗಿಡವನ್ನು ಬುಡದಲ್ಲಿ ಹಿಡಿಯುವುದನ್ನು, ಬೆರಳಲ್ಲಿ ಉಳಿದ ಮುಳ್ಳನ್ನು ಪಿನ್ನಿನಿಂದ ತೆಗೆಯುವುದನ್ನು ಆಕೆಯೇ ಕಲಿಸಿದಳು.

ಆಗ ನಾವು ಹನ್ನೊಂದು ಮಂದಿ ಇದ್ದೆವು. ಈಗ ಇಬ್ಬರು ಸೈದಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಅಲ್ಲೇ ಖೋಲಿ ಹಿಡಿದಿದ್ದಾರೆ. ಕೆಲವರು ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಅದರಲ್ಲಿ ಮುಳ್ಳಿಲ್ಲ. ಈ ವರ್ಷ ಅಪ್ಪ ಮನೆಮನೆಗೆ ಹೋಗಿ ಕರೆದಾಗ ಸಿಕ್ಕವರು ಮೂವರು: ಆಯಿ, ಅವ್ವ, ನಾನು. ಐದು ಎಕರೆಯನ್ನು ಮೂವರು ಕೊಯ್ಯುವಷ್ಟರಲ್ಲಿ ಕಾಳೆಲ್ಲ ಉದುರಿ ಹೋಗುತ್ತದೆ. ಹಾಗಾಗಿ ಅಪ್ಪ ಶಹಾಪುರದ ಕಡೆ ಭತ್ತ ಕೊಯ್ಯುವ ಮಷಿನ್ನಿಗೆ ಫೋನ್ ಮಾಡಿದ. ಅವನದು ತಪ್ಪು ಅಂತ ನಾನು ಅನ್ನಲಾರೆ.

ಮಷಿನ್ ಹತ್ತೂವರೆಗೆ ಬಂತು. ಬಂಡಿದಾರಿಯ ಎರಡೂ ಬದಿಯ ಜಾಲಿ ಟೊಂಗೆ ಮುರಿದುಕೊಂಡು ಬಂತು. ಡ್ರೈವರ್ ಸರದಾರಸಾಬ ಐವತ್ತರ ಆಸುಪಾಸಿನವನು, ಗಡ್ಡಕ್ಕೆ ಮೆಹಂದಿ ಹಚ್ಚಿದ್ದ. ಕೆಳಗಿಳಿದು ಕುಸುಬಿಯ ಒಂದು ಕಾಯಿಯನ್ನು ಹಿಡಿದವನೇ ಕೈ ಕೊಡವಿದ.

“ಇದೇನು ಬೆಳೀರಿ, ಮುಳ್ಳಹಂದಿ ಬಿತ್ತೀರೇನು?”

“ಹಿಂದ ಕುಸುಬಿ ಹೊಡ್ದೀರಿಲ್ಲೋ?” ಅಪ್ಪ ಕೇಳಿದ.

“ಭತ್ತ ಹೊಡ್ದೀನಿ, ಜ್ವಾಳ ಹೊಡ್ದೀನಿ, ಕಡಲಿ ಹೊಡ್ದೀನಿ. ಇದರ ಜೋಡಿ ಇವತ್ತೇ ಪರಿಚಯ. ಏನ್ ಆಗಂಗಿಲ್ಲ, ಎಲ್ಲಾ ಕಾಳೇ ಅಲ್ಲೇನ್ರಿ.” ಬದುವಿನ ಕಡೆ ತಿರುಗಿ, “ಆಯಿ, ಸ್ವಲ್ಪ ದೂರ ಕುಂದುರು. ಮಷಿನ್ನಿಗೆ ಕಣ್ಣಿಲ್ಲ,” ಅಂದ.

“ನಿನಗ ಅದಾವಿಲ್ಲೋ?”

“ನನಗ ಅದಾವ, ಅರ್ಧ. ಚಸ್ಮಾ ಮನ್ಯಾಗ ಬಿಟ್ಟ ಬಂದೀನಿ.”

ಆಯಿ ಎದ್ದು ಎರಡು ಮಾರು ಹಿಂದೆ ಸರಿದು ಕುಳಿತಳು. ಕುಡುಗೋಲನ್ನು ಮಾತ್ರ ಮೊದಲಿದ್ದ ಜಾಗದಲ್ಲೇ ಬಿಟ್ಟಳು.

ಸರದಾರಸಾಬ ಹೊಲವನ್ನು ಒಂದು ಸಲ ಕಣ್ಣಲ್ಲೇ ಅಳೆದ. “ನಾಲ್ಕೂ ಮೂಲಿ ಉಳೀತಾವ್ರಿ. ಇದು ಎತ್ತಿನಂಗ ಗಕ್ಕನ ತಿರುಗಂಗಿಲ್ಲ. ದುಂಡಗ ತಿರುಗ್ತದ. ಮೂಲ್ಯಾಗಿಂದು ಆಮ್ಯಾಲ ಕೈಲೆ ಕೊಯ್ಕೋಬೇಕು, ಇಲ್ಲಾ ನಾನ ಹಿಂದ ಮುಂದ ಮಾಡಿ ಹೊಡದ ಕೊಡಬೇಕು.”

“ಮೊದಲ ನಡುಕಿಂದು ಆಗಲಿ,” ಅಂದ ಅಪ್ಪ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

“ನಾ ಮುಂದ ನಡೀತೀನಿ. ಕಲ್ಲು ಎಲ್ಲೆಲ್ಲಿ ಅದಾವ ನನಗಷ್ಟೇ ಗೊತ್ತು. ನೀ ಹಿಂದ ನಡಿ. ಹೊಟ್ಟಿನ ಜೋಡಿ ಕಾಳು ಹೊರಗ ಬಿದ್ರ ನನಗ ಹೇಳು. ಬಾಯಿಲೆ ಹೇಳಾಕ ಆಗ್ಲಿಲ್ಲ ಅಂದ್ರ ಕೈ ಅಡ್ಡ ಆಡಿಸು. ಎಲ್ಲಾ ಸರಿ ಇದ್ರ ಕೈ ಎತ್ತು. ನಿನ್ನ ಕಣ್ಣು ಚಲೋ ಅದಾವ.”

ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ. ಹೋದ ವರ್ಷ ನಮ್ಮ ಎತ್ತು ಕುಂಟುವುದಕ್ಕೆ ಎರಡು ದಿನ ಮೊದಲೇ ಅದು ಹೆಜ್ಜೆ ಇಡುವುದರಲ್ಲಿ ಏನೋ ವ್ಯತ್ಯಾಸ ಇದೆ ಅಂತ ನಾನು ತೋರಿಸಿದ್ದೆ. ಆವತ್ತಿನಿಂದ ಯಾವುದಕ್ಕೂ, “ಅಯ್ಯಮ್ಮನಿಗೆ ತೋರ್ಸು,” ಅಂತ ನನ್ನ ಹೆಸರು ಹೇಳುತ್ತಿದ್ದ. ಮಾತು ಕಡಿಮೆ ಇದ್ದವರಿಗೆ ನೋಡಲು ಹೊತ್ತು ಜಾಸ್ತಿ ಸಿಗುತ್ತದೆ, ಅಷ್ಟೇ.

ಮೊದಲನೆಯ ಸುತ್ತಿನಲ್ಲಿ ಏನೂ ಬೀಳಲಿಲ್ಲ. ಮುಂದಿನ ಚಕ್ರ ಗಿಡಗಳನ್ನು ಬಾಗಿಸಿ ಒಳಗೆ ತಳ್ಳುತ್ತಿತ್ತು. ಹಿಂದೆ ಹೊಟ್ಟು ಹಾರುತ್ತಿತ್ತು. ಅದರ ಜೊತೆ ಕಾಯಿಯ ಒಳಗಿನ ಬಿಳಿ ಎಳೆ, ಅರಳೆಯಂಥ ನವಿರು ಎದ್ದು ನನ್ನ ಹುಬ್ಬಿಗೆ, ತುಟಿಗೆ ಕೂತಿತು. ನಾವು ಹನ್ನೊಂದು ಮಂದಿ ಒಂದು ಮುಂಜಾನೆ ಕೊಯ್ಯುತ್ತಿದ್ದಷ್ಟನ್ನು ಅದು ಒಂದು ಸುತ್ತಿನಲ್ಲಿ ನುಂಗಿತು. ನೋಡಿ ನನಗೆ ಬೇಜಾರಾಗಲಿಲ್ಲ. ನನ್ನ ಬೆರಳುಗಳಿಗೆ ಸಮಾಧಾನವೇ ಆಯಿತು. ಇದನ್ನು ಮುಚ್ಚಿಡುವುದು ಬೇಡ.

ಎರಡನೆಯ ಸುತ್ತಿನ ನಡುವೆ ಹೊಟ್ಟಿನ ಮೇಲೆ ಬೆಳ್ಳಗೆ ಹೊಳೆಯುವುದನ್ನು ಕಂಡೆ. ಕುಸುಬಿ ಕಾಳು ಎಳೆಮಗುವಿನ ಹಲ್ಲಿನಷ್ಟು ಬೆಳ್ಳಗಿರುತ್ತದೆ. ಮೊದಲು ಒಂದು, ಎರಡು. ಆಮೇಲೆ ಹೆಜ್ಜೆಗೆ ಹತ್ತು. ಮೂರನೆಯ ಸುತ್ತಿಗೆ ಎಣಿಸಲು ಆಗದಷ್ಟು.

ನಾನು ಅಪ್ಪನ ಕಡೆ ನೋಡಿದೆ. ಅವನು ಮುಂದೆ ಬಗ್ಗಿ ಕಲ್ಲು ಹುಡುಕುತ್ತಿದ್ದ. ಆಮೇಲೆ ಬದುವಿನ ಕಡೆ ನೋಡಿದೆ. ಆಯಿ ಮಡಿಲಲ್ಲಿ ಖಾಲಿ ಚೀಲ ಇಟ್ಟುಕೊಂಡು ಕುಳಿತಿದ್ದಳು. ಕೈಗೆ ಸುತ್ತಿದ ಬಟ್ಟೆಯನ್ನು ಇನ್ನೂ ಬಿಚ್ಚಿರಲಿಲ್ಲ.

ಹಿಂದೆ ಬಿದ್ದದ್ದು ನಿಂದು ಅಂತ ಅಪ್ಪನೇ ಹೇಳಿದ್ದ. ಕಾಳು ಬಿದ್ದರೆ ಹೇಳು ಅಂತ ಹೇಳಿದವನೂ ಅವನೇ. ನಾನು ಹೇಳಿದರೆ ಸರದಾರಸಾಬ ಏನೋ ತಿರುಗಿಸಿ ಸರಿಮಾಡುತ್ತಾನೆ, ಕಾಳೆಲ್ಲ ಟ್ಯಾಂಕಿಗೆ ಹೋಗುತ್ತದೆ, ಹೊಲ ಬೋಳಾಗುತ್ತದೆ. ಐದು ಎಕರೆಯಲ್ಲಿ ನಮಗೆ ಒಂದು ಚೀಲ ಕಡಿಮೆ ಬಂದರೆ ನಮ್ಮ ಮನೆಯ ಒಗ್ಗರಣೆ ನಿಲ್ಲುವುದಿಲ್ಲ. ಆಕೆಯದು ನಿಲ್ಲುತ್ತದೆ.

ತಿರುವಿನಲ್ಲಿ ಅಪ್ಪ ನೆಟ್ಟಗೆ ನಿಂತು ನನ್ನ ಕಡೆ ಕೂಗಿದ. “ಹಿಂದ ಹ್ಯಾಂಗ ಅದ?”

ನಾನು ಕೈ ಎತ್ತಿದೆ.

ಬಾಯಿಂದ ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಿಜ ಹೇಳಲೂ ಕಷ್ಟ. ಕೈಗೆ ಅಂಥ ತೊಂದರೆ ಇಲ್ಲ ಅಂತ ಆವತ್ತು ಗೊತ್ತಾಯಿತು. ನಾಲ್ಕನೆಯ ಸುತ್ತಿನಲ್ಲೂ ಎತ್ತಿದೆ, ಐದನೆಯದರಲ್ಲೂ. ನಡೆಯುತ್ತ ನಡೆಯುತ್ತ ಆಯಿಯ ಐದು ಲೀಟರಿನ ಕ್ಯಾನನ್ನು ಮನಸ್ಸಿನಲ್ಲೇ ತುಂಬಿಸಿದೆ. ಜನ್ಮದಲ್ಲಿ ಮೊದಲ ಸಲ ನನ್ನ ಸುಮ್ಮನಿರುವಿಕೆ ಯಾರಿಗೋ ಉಪಯೋಗವಾಗುತ್ತಿದೆ ಅನ್ನಿಸಿತು. ಹೆಜ್ಜೆ ಹಗುರಾಗಿತ್ತು.

ಅರ್ಧ ಹೊಲ ಆದ ಮೇಲೆ ಊಟಕ್ಕೆ ನಿಲ್ಲಿಸಿದರು. ಟ್ಯಾಂಕಿನ ಕಾಳನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಸುರಿದರು. ಅಪ್ಪ ಟ್ರಾಲಿಯ ಅಂಚು ಹಿಡಿದು ಒಳಗೆ ನೋಡುತ್ತ ನಿಂತ. ಬಹಳ ಹೊತ್ತು ನಿಂತ.

“ಗಿಡ ನೋಡಿದ್ರ ಹಿಂಗ ಇರಲಿಲ್ಲ,” ಅಂದ. “ಒಳಗ ಜೊಳ್ಳ ಆಗಿತ್ತೋ ಏನೋ.”

ಅವನೂ ಸರದಾರಸಾಬನೂ ಬನ್ನಿ ಗಿಡದ ನೆರಳಿಗೆ ಬುತ್ತಿ ಬಿಚ್ಚಲು ಹೋದರು. ಆಯಿ ಕಸಬರಿಗೆ, ಮೊರ, ಚೀಲ ತೆಗೆದುಕೊಂಡು ಹೊಲಕ್ಕೆ ಇಳಿದಳು. ನಾನು ಆಕೆಯ ಹಿಂದೆ ಹೋದೆ. ಆಕೆಗೆ ತೋರಿಸಬೇಕೆಂಬ ಆಸೆ ನನ್ನೊಳಗೆ ಕುಣಿಯುತ್ತಿತ್ತು.

ಮಷಿನ್ ಹಾದುಹೋದ ದಾರಿಯಲ್ಲಿ ಕುಳಿತು ಆಯಿ ಎರಡೂ ಕೈಯಿಂದ ಹೊಟ್ಟನ್ನು ಮೆಲ್ಲಗೆ ಎತ್ತಿದಳು. ಹೊಟ್ಟಿನಲ್ಲಿ ಅಂಟಿಕೊಂಡಿದ್ದ ಏಳೆಂಟು ಕಾಳು ಮೊರಕ್ಕೆ ಬಿದ್ದವು. ಕೆಳಗೆ ನೆಲ ಕಪ್ಪಗೆ ಬರಿದಾಗಿತ್ತು. ಇನ್ನೊಂದು ಕಡೆ ಎತ್ತಿದಳು. ಅಲ್ಲೂ ಅಷ್ಟೇ. ನಾನು ಓಡಿಹೋಗಿ ಕಾಳು ಜಾಸ್ತಿ ಬಿದ್ದ ತಿರುವಿನಲ್ಲಿ ಹೊಟ್ಟು ಸರಿಸಿ ನೋಡಿದೆ.

ಎರೆ ಭೂಮಿ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಎರೆ ಹೊಲದಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಹುಟ್ಟಿದಾಗಿನಿಂದ ಆ ಬಿರುಕುಗಳನ್ನು ದಾಟಿ ನಡೆದವಳು ನಾನು. ಆದರೂ ಹೊಳೆದಿರಲಿಲ್ಲ. ಕುಡುಗೋಲಿನಿಂದ ಕೊಯ್ದಾಗ ಬೀಳುವುದು ಇಡೀ ಕಾಯಿ, ಇಡೀ ಟೊಂಗೆ. ಅದು ಬಿರುಕಿನ ಮೇಲೇ ನಿಲ್ಲುತ್ತದೆ, ಕೈಗೆ ಸಿಗುತ್ತದೆ. ಮಷಿನ್ ಕಾಯಿ ಒಡೆದು ಬಿಡಿ ಕಾಳು ಚೆಲ್ಲಿತ್ತು. ಕಾಳು ನುಣುಪು, ಬಿರುಕು ಆಳ. ಮೇಲೆ ಬಿದ್ದದ್ದು ಮಷಿನ್ನಿನ ಗಾಲಿಯ ನಡುಕಕ್ಕೇ ಜಾರಿ ಒಳಗೆ ಹೋಗಿತ್ತು.

ಆಯಿ ಬಂದು ಬಿರುಕಿಗೆ ಮಣಿಕಟ್ಟಿನವರೆಗೆ ಕೈ ಹಾಕಿದಳು. ಒಂದು ಹಿಡಿ ಹೆಂಟೆ ತೆಗೆದು ಪುಡಿಮಾಡಿದಳು. ಅದರಲ್ಲಿ ಮೂರು ಕಾಳು ಇದ್ದವು.

“ಯಾವಾಗಿಂದ ಬೀಳಾಕತ್ತಾದ ಇದು?”

“ಎರಡನೇ ಸುತ್ತಿನಿಂದ.”

“ಮಷಿನ್ನಿನವಗ ಹೇಳಿದಿ?”

ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ.

“ನಿಮ್ಮ ಅಪ್ಪಗ?”

“ಅಪ್ಪ ಬಿದ್ದದ್ದು ನಿಂದು ಅಂದಿದ್ದ. ನಿನಗ ಹಕ್ಕಲ ಆಗ್ತದಂತ ಸುಮ್ನ ಇದ್ದೆ, ಆಯಿ.”

ಆಕೆ ಮೊರದಲ್ಲಿದ್ದ ಕಾಳುಗಳನ್ನು ಬೆರಳಿನಿಂದ ಒಂದೆಡೆ ಕೂಡಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

“ನೀ ಗುಂಪಿಗೆ ಬಂದು ಏಳು ವರ್ಷ ಆತು. ನಾವು ಕೊಯ್ಯೋ ಮುಂದ ಅಲ್ಲೊಂದು ಇಲ್ಲೊಂದು ಕಾಯಿ ಬಿಡತಿದ್ವಿ. ಕೈ ತಪ್ಪಿ ಬೀಳತಿತ್ತಂತ ತಿಳ್ಕೊಂಡಿದ್ದೇನು? ಬೇಕಂತ ಬಿಡತಿದ್ವಿ. ನಿಮ್ಮಪ್ಪ ಬದುವಿನ ಮ್ಯಾಲ ನಿಂತು ನೋಡತಿದ್ದ. ನೋಡಿ ಆ ಕಡಿ ಮುಖ ತಿರುಗಿಸ್ತಿದ್ದ. ಅವರಪ್ಪನೂ ಹಂಗ ಮಾಡತಿದ್ದ. ನಾವು ಬಿಟ್ಟೀವಿ ಅಂತ ಅವಗ ಗೊತ್ತು, ಅವಗ ಗೊತ್ತದ ಅಂತ ನಮಗ ಗೊತ್ತು. ಅದು ಹಕ್ಕಲ. ನೀ ಮಾಡಿದ್ದು ಅವನ ಕಣ್ಣು ಕಟ್ಟಿದ್ದು.”

ಮೊರ ಕೆಳಗಿಟ್ಟು ಮತ್ತೆ ಅಂದಳು: “ಅದೂ ನನ್ನ ಹೆಸರ ಮ್ಯಾಲ.”

ಬಿರುಕಿನೊಳಗೆ ಬಿಸಿಲು ಬಿದ್ದು ಒಂದೆರಡು ಕಾಳು ಕಾಣುತ್ತಿದ್ದವು. ಕೈಗೆ ಸಿಗದಷ್ಟು ಆಳದಲ್ಲಿದ್ದವು.

“ಇನ್ನ ಅರ್ಧ ಹೊಲ ನಿಂತದ,” ಅಂದಳು ಆಯಿ. “ಹೋಗು.”

ಬನ್ನಿ ಗಿಡ ಅಲ್ಲಿಂದ ನೂರು ಹೆಜ್ಜೆ ಇರಬಹುದು. ಆ ನೂರು ಹೆಜ್ಜೆಯಲ್ಲಿ ನಾನು ಹೇಳಬೇಕಾದ ಮಾತನ್ನು ನಾಲ್ಕು ರೀತಿ ಕಟ್ಟಿದೆ. ಅಪ್ಪನ ಎದುರು ನಿಂತಾಗ ನಾಲ್ಕೂ ಹೋದವು. ಅವನು ರೊಟ್ಟಿ ಮುರಿಯುತ್ತಿದ್ದ. ಸರದಾರಸಾಬ ತನ್ನ ಡಬ್ಬಿಯ ಉಪ್ಪಿನಕಾಯಿಯನ್ನು ಅವನಿಗೆ ಹಾಕುತ್ತಿದ್ದ.

“ಕಾಳು ಬೀಳಾಕತ್ತಾದ,” ಅಂದೆ.

“ಎಲ್ಲಿ? ಟ್ರಾಲ್ಯಾಗಿಂದೇನು?”

“ಮಷಿನ್ ಹಿಂದ. ಎರಡನೇ ಸುತ್ತಿನಿಂದ.”

ಅಪ್ಪ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟ. “ನಾ ಪ್ರತಿ ತಿರುವಿನ್ಯಾಗೂ ಕೇಳಿದೆ.”

“ಹೂಂ.”

“ನೀ ಕೈ ಎತ್ತಿದಿ.”

“ಹೂಂ.”

“ಕಾಣಲಿಲ್ಲೇನು?”

ಕಾಣಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತನ್ನು ಅವನೇ ನನ್ನ ಕೈಗೆ ಕೊಡುತ್ತಿದ್ದ. ಧೂಳು ಇತ್ತು, ನವಿರು ಹಾರುತ್ತಿತ್ತು, ಯಾರಾದರೂ ನಂಬುತ್ತಿದ್ದರು.

“ಕಂಡಿತ್ತು,” ಅಂದೆ. “ಆಯಿಗೆ ಸಿಗ್ತದಂತ ಹೇಳಲಿಲ್ಲ. ಆಕಿಗೂ ಸಿಗಲಿಲ್ಲ. ಎಲ್ಲಾ ಬಿರುಕಿನ್ಯಾಗ ಹೋಗ್ಯಾದ. ಆಕಿಗೆ ಇದು ಗೊತ್ತಿದ್ದಿಲ್ಲ.”

ನನ್ನ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಬಂದದ್ದು ಕೇಳಿ ಅಪ್ಪ ನನ್ನನ್ನು ನೋಡಿದ. ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಎತ್ತು ಕುಂಟಿದ ದಿನ ಅದರ ಗೊರಸನ್ನು ನೋಡಿದ್ದನಲ್ಲ, ಹಾಗೆ ನೋಡಿದ.

ಸರದಾರಸಾಬ ಆಗಲೇ ಎದ್ದು ಮಷಿನ್ನಿನ ಕಡೆ ಹೋಗಿದ್ದ. ಹಿಂದಿನ ಮುಚ್ಚಳ ತೆಗೆದು ಬಗ್ಗಿ ನೋಡಿ, “ಪರಮಣ್ಣೋರ, ಇಲ್ಲಿ ಬರ್ರಿ,” ಅಂತ ಕರೆದ. ಒಳಗೆ ಕಾಳು ಸೋಸುವ ಜರಡಿಯ ಮೇಲೆ ಬಿಳಿ ನವಿರು, ಮುಳ್ಳು, ಕಾಯಿಯ ಸಿಪ್ಪೆ ಎಲ್ಲ ಸೇರಿ ಕಂಬಳಿಯಂತೆ ಹಾಸಿಕೊಂಡಿತ್ತು. ಕಾಳು ಕೆಳಗೆ ಇಳಿಯಲು ದಾರಿಯಿಲ್ಲದೆ ಅದರ ಮೇಲೆ ಉರುಳಿ ಹೊರಗೆ ಬೀಳುತ್ತಿತ್ತು.

“ಭತ್ತಕ್ಕ ಹಾಕಿದ ಜರಡಿ ಹಂಗೇ ಬಿಟ್ಟಿದ್ದೆ. ಈ ಕುಸುಬಿ ಕಾಳಿಗೆ ಸ್ವಲ್ಪ ಬಾಯಿ ತೆರಿಬೇಕಿತ್ತು. ಮ್ಯಾಲ ಈ ಹತ್ತಿ ಬ್ಯಾರೆ. ತಪ್ಪು ನನ್ನದೂ ಅದ್ರಿ.” ಕಟ್ಟಿಗೆಯಿಂದ ಆ ಕಂಬಳಿಯನ್ನು ಎಳೆದು ಹಾಕಿದ. ಸ್ಪ್ಯಾನರಿನಿಂದ ಏನೋ ಸಡಿಲಿಸಿ ಜರಡಿಯ ಕಿಂಡಿಗಳನ್ನು ತೆರೆದ. “ಇದು ಪ್ರತಿ ಸುತ್ತಿಗೂ ಕಟ್ಟತದ. ನನಗ ಮ್ಯಾಲ ಕುಂತ್ರ ತಿಳಿಯಂಗಿಲ್ಲ. ಬೇಟಿ ಹಿಂದ ನಡೀಲಿ. ಬೆಳ್ಳಗ ಕಂಡ ಕೂಡಲೇ ನನಗ ಹೇಳಲಿ, ನಿಲ್ಲಸ್ತೀನಿ.”

“ಆಕಿ ಹೇಳಂಗಿಲ್ಲ,” ಅಂದ ಅಪ್ಪ.

ಅವನು ಸಣ್ಣ ದನಿಯಲ್ಲಿ, ಹವಾಮಾನ ಹೇಳಿದಂತೆ ಹೇಳಿದ. ಇಷ್ಟು ವರ್ಷ ಮಾತಾಡದವಳು ಅಂತ ಎಷ್ಟೋ ಜನ ನನ್ನ ಬಗ್ಗೆ ಹೇಳಿದ್ದಾರೆ, ನನಗೇನೂ ಅನ್ನಿಸಿಲ್ಲ. ಇದು ಬೇರೆಯಾಗಿತ್ತು.

“ಹೇಳ್ತೀನಿ,” ಅಂದೆ.

ಇಬ್ಬರೂ ತಿರುಗಿ ನೋಡಿದರು. ಈಗ ನಿಲ್ಲಿಸಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ಅಂತ ನನಗೇ ಗೊತ್ತಿತ್ತು. “ಇನ್ನೊಂದು ಹೇಳ್ತೀನಿ. ಮಷಿನ್ ತಿರುಗದ ಮೂಲಿ ಅದಾವಲ್ಲ, ಅವು ಆಯಿಗೆ ಬಿಡು ಅಪ್ಪ. ಆಕಿ ನಸುಕಿನ್ಯಾಗ ಬಂದು ಕುಂತಾಳ.”

ಅಪ್ಪ ಬನ್ನಿ ಗಿಡದ ಕಡೆ ನಡೆದ. ಅರ್ಧ ಉಳಿದ ರೊಟ್ಟಿಯನ್ನು ಸುತ್ತಿಟ್ಟು, ಕಲ್ಲು ಹುಡುಕಲು ಮುಂದೆ ಹೋದ.

ಮಧ್ಯಾಹ್ನ ಮೇಲೆ ಮಷಿನ್ ಒಂಬತ್ತು ಸಲ ನಿಂತಿತು. ಒಂಬತ್ತು ಸಲವೂ ನಾನೇ ನಿಲ್ಲಿಸಿದೆ. ಮೊದಲ ಸಲ ನನ್ನ ಕೂಗು ಇಂಜಿನ್ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಓಡಿ ಮುಂದೆ ಹೋಗಿ ಏಣಿಯ ಕಬ್ಬಿಣಕ್ಕೆ ಕಲ್ಲಿನಿಂದ ಬಡಿದೆ. ಎರಡನೆಯ ಸಲ, “ಕಾಕಾ,” ಅಂತ ಕೂಗಿದೆ. ನಾಲ್ಕನೆಯ ಸಲಕ್ಕೆ ಸರದಾರಸಾಬ, “ಈಗ ಕೇಳಸ್ತು, ಕಲ್ಲ ಒಗಿ ಇನ್ನ,” ಅಂದ. ಪ್ರತಿ ಸಲ ಅವನು ಇಳಿದು ನವಿರು ಎಳೆದು ಹಾಕುವಾಗ ಅಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ತಿರುವಿನಲ್ಲಿ ಮಾತ್ರ, “ಹಿಂದ ಹ್ಯಾಂಗ ಅದ?” ಅಂತ ಒಮ್ಮೆಯೂ ಕೇಳಲಿಲ್ಲ. ನಾನು ಪ್ರತಿ ತಿರುವಿನಲ್ಲೂ ಕಾಯುತ್ತಿದ್ದೆ.

ನಾಲ್ಕೂವರೆಗೆ ನಡುವಿನ ಹೊಲವೆಲ್ಲ ಮುಗಿಯಿತು. ಟ್ರಾಲಿಯ ಎರಡನೆಯ ರಾಶಿ ಮೊದಲಿನದಕ್ಕಿಂತ ದೊಡ್ಡದಿತ್ತು. ನಾಲ್ಕು ಮೂಲೆಗಳಲ್ಲಿ ಕುಸುಬಿ ನಾಲ್ಕು ಗುಂಪಾಗಿ ನಿಂತಿತ್ತು. ಮದುವೆ ಮುಗಿದ ಮೇಲೂ ಹೋಗದೆ ನಿಂತ ಬೀಗರ ಹಾಗೆ.

“ಮೂಲಿ ಹೊಡದ ಬಿಡ್ಲೇನ್ರಿ?” ಸರದಾರಸಾಬ ಮೇಲಿನಿಂದ ಕೇಳಿದ. “ಹಿಂದ ಮುಂದ ಮಾಡಿದ್ರ ಅರ್ಧ ತಾಸಿನ ಕೆಲಸ. ಒಂದ ಗಿಡ ಬಿಡಂಗಿಲ್ಲ.”

ಆಯಿ ಬದುವಿನ ಮೇಲೆ ಎದ್ದು ನಿಂತಳು. ಮನೆಗೆ ಹೊರಡಲು ನಿಂತಳೋ, ಕೇಳಿಸಿಕೊಳ್ಳಲು ನಿಂತಳೋ ತಿಳಿಯಲಿಲ್ಲ. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನು ಹತ್ತಿರದ ಮೂಲೆಯನ್ನು ನೋಡಿದ. ಬದುವಿನ ಕಡೆ ಒಂದು ಸಲ ನೋಡಿದ. ಆಮೇಲೆ ಎರಡನ್ನೂ ಬಿಟ್ಟು, ಏನೂ ಇಲ್ಲದ ಕಡೆ, ರಸ್ತೆಯ ಕಡೆ ಮುಖ ತಿರುಗಿಸಿದ.

“ಸುಮ್ನ ಡೀಜಲ್ ಯಾಕ ಸುಡ್ತೀರಿ,” ಅಂದ. “ಬಿಡ್ರಿ.”

ಆಯಿ ಕುಡುಗೋಲು ಎತ್ತಿಕೊಂಡು ಊರ ಕಡೆ ಹೊರಟಳು. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಕೈಬಟ್ಟೆಯನ್ನು ನಡೆಯುತ್ತಲೇ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು.

ಮರುದಿನ ನಸುಕಿಗೆ ನಾನು ಏಳುವಾಗ ಅವ್ವ ಒಲೆ ಹಚ್ಚುತ್ತಿದ್ದಳು. ಅಪ್ಪನ ಹಾಸಿಗೆ ಖಾಲಿ ಇತ್ತು. ಹೊಲಕ್ಕೆ ಹೋದಾಗ ಆಯಿ ಮೊದಲನೆಯ ಮೂಲೆಯಲ್ಲಿ ಆಗಲೇ ಬಗ್ಗಿದ್ದಳು. ಮುಳ್ಳೆಲ್ಲ ಇಬ್ಬನಿಯಲ್ಲಿ ನೆನೆದು ತಣ್ಣಗಿತ್ತು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಆಕೆಯ ಪಕ್ಕಕ್ಕೆ ಬಗ್ಗಿದೆ. “ಬುಡದಾಗ ಹಿಡಿ, ಮರ್ತೀ ಏನು,” ಅಂದಳು, ಅಷ್ಟೇ. ಮರೆತಿರಲಿಲ್ಲ.

ಎರಡು ಮೂಲೆ ಮುಗಿಸಿ ಮೂರನೆಯದಕ್ಕೆ ಹೋದಾಗ ಪೂರ್ವ ಬೆಳ್ಳಗಾಗಿತ್ತು. ಕೊಯ್ಯುತ್ತ ಆಯಿಯ ಕೈಯಿಂದ ಒಂದು ಟೊಂಗೆ ಕೆಳಗೆ ಬಿತ್ತು. ಹತ್ತು ಹೆಜ್ಜೆಗೆ ಇನ್ನೊಂದು. ಆಕೆಯ ಕೈ ತಪ್ಪುವ ಕೈಯಲ್ಲ. ನಮ್ಮ ನಂತರ ಆ ಹೊಲಕ್ಕೆ ಕಟ್ಟಿಗೆಗೆ ಬರುವವರು ಇದ್ದಾರೆ, ಹಕ್ಕಿ ಇವೆ. ಬಿಡುವುದು ಆಕೆಯ ಕೈಗೆ ರೂಢಿಯಾಗಿತ್ತು.

ಆಗ ಬದುವಿನ ಮೇಲೆ ಅಪ್ಪ ಕಂಡ. ಬೇವಿನ ಕಡ್ಡಿ ಕಚ್ಚಿಕೊಂಡು, ನಮಗೆ ಬೆನ್ನು ಮಾಡಿ, ಕೊಯ್ದ ಬಯಲು ಹೊಲವನ್ನು ನೋಡುತ್ತ ನಿಂತಿದ್ದ. ಎಷ್ಟು ಹೊತ್ತಿನಿಂದ ಅಲ್ಲಿದ್ದನೋ.

“ಹಿಂದ ಹ್ಯಾಂಗ ಅದ?” ತಿರುಗದೆಯೇ ಕೇಳಿದ.

ಅವನಿಗೆ ನನ್ನ ಕೈ ಕಾಣುತ್ತಿರಲಿಲ್ಲ.

“ಎರಡು ಮೂಲಿ ಆಗ್ಯಾವ ಅಪ್ಪ,” ಅಂದೆ. “ಮೂರನೇದು ನಡದದ. ಇದರಾಗ ಸ್ವಲ್ಪ ಬೀಳಾಕತ್ತಾದ.”

ಅಪ್ಪ ಕಡ್ಡಿಯನ್ನು ಬಾಯಿಂದ ತೆಗೆದು ಪಕ್ಕಕ್ಕೆ ಉಗುಳಿದ.

“ಬೀಳಲಿ,” ಅಂದ.